ಪರದ ಒಲೆಗೆ ಯಾವಾಗಲೂ ಸಿಗುತ್ತಿದ್ದವಳು

ಹಾಲು ಬರಲಿಲ್ಲ.

ಕಾಯಿಲೆ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಈಗ ನಾನು ಅಲ್ಲಿಂದಲೇ ಹೇಳುತ್ತೇನೆ. ಆಗ ಅದು ಕಾಯಿಲೆ ಎಂದು ಯಾರಿಗೆ ಗೊತ್ತಿತ್ತು? ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮಗಳು ಹುಟ್ಟಿದಳು. ಅವಳು ಹುಟ್ಟಿದ ಮೇಲೆ ನನಗೆ ರಕ್ತ ನಿಲ್ಲಲಿಲ್ಲ. ಹಾಸಿಗೆ ಒದ್ದೆಯಾದದ್ದು ನೆನಪಿದೆ. ನರ್ಸ್ ಓಡಿದ್ದು ನೆನಪಿದೆ. ಕಾಲು ತಣ್ಣಗಾಗುತ್ತಾ ಬಂದದ್ದು ನೆನಪಿದೆ. ಬಾಟಲಿ ಮೇಲೆ ಬಾಟಲಿ ರಕ್ತ ಹಾಕಿ ಅವರು ನನ್ನನ್ನು ಉಳಿಸಿಕೊಂಡರು. ಆ ಋಣ ಮೊದಲು ಹೇಳಿಬಿಡಬೇಕು, ಆಮೇಲೆ ಮಿಕ್ಕಿದ್ದು.

ಮನೆಗೆ ಬಂದ ಮೇಲೆ ಮಗು ಎದೆಗೆ ಬಾಯಿಟ್ಟು ಚೀಪಿ ಚೀಪಿ, ಸುಸ್ತಾಗಿ, ಕೊನೆಗೆ ಸಿಟ್ಟಿನಿಂದ ಕಿರುಚುತ್ತಿತ್ತು. ನನ್ನ ಎದೆ ಒಂದು ದಿನವೂ ಬಿಗಿಯಲಿಲ್ಲ. ಅತ್ತೆ ಸಬ್ಬಸಿಗೆ ಸೊಪ್ಪು ಬೇಯಿಸಿದರು, ಬೆಳ್ಳುಳ್ಳಿ ಸುಟ್ಟುಕೊಟ್ಟರು, ಮೆಂತ್ಯದ ಗಂಜಿ ಕಾಯಿಸಿದರು, ನಾಟಿಕೋಳಿ ಸಾರು ಮಾಡಿ ಎದುರಿಗೇ ಕೂತು ಕುಡಿಸಿದರು.

"ಒಂದ್ ತೊಟ್ಟೂ ಇಲ್ವಲ್ಲವ್ವ. ಒಣಗಿದ್ ಕಬ್ಬು ಇಂಡ್ದಂಗಾಯ್ತು" ಅಂದರು.

ಕೊನೆಗೆ ಅಟ್ಟದ ಮೇಲಿದ್ದ ಹಳೆಯ ಒಳಲೆ ಕೆಳಗಿಳಿಯಿತು. ನನ್ನ ಗಂಡ ಕುಡಿದು ಬೆಳೆದ ಅದೇ ಒಳಲೆಯಲ್ಲಿ ಹಸುವಿನ ಹಾಲು ಕುಡಿದು ಮಗಳೂ ಬೆಳೆದಳು. ನಾನು ಅಂಗನವಾಡಿ ಟೀಚರು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಊರಿನ ಬಾಣಂತಿಯರಿಗೆ ಹೇಳಿಕೊಡುವವಳು. ಮತ್ತೆ ಕೆಲಸಕ್ಕೆ ಹೋದಾಗ ಆ ಮಾತು ಹೇಳುವ ದಿನ ಬಂದರೆ ಬಾಣಂತಿಯರ ಮುಖ ನೋಡದೆ ಗೋಡೆಯ ಚಾರ್ಟ್ ನೋಡಿಕೊಂಡು ಓದಿಬಿಡುತ್ತಿದ್ದೆ.

ಮುಟ್ಟೂ ಬರಲಿಲ್ಲ. ಬಾಣಂತನದಲ್ಲಿ ಹಾಗೇ ಎಂದರು. ವರ್ಷ ಕಳೆಯಿತು. ಮಗು ನಡೆಯಿತು, ಮಾತಾಡಿತು, ಬರಲಿಲ್ಲ. ನನಗಾಗ ಇಪ್ಪತ್ತೇಳು.

ನಮ್ಮದು ಮಳವಳ್ಳಿ ಕಡೆಯ ಊರು. ಗಂಡ ಪುಟ್ಟರಾಜು ಕಬ್ಬು, ಭತ್ತ ಬೆಳೆಯುತ್ತಾರೆ. ಪ್ರತಿ ಶ್ರಾವಣದಲ್ಲಿ ಒಂದು ಶನಿವಾರ ನಮ್ಮ ವಂಶದವರೆಲ್ಲ ಮುತ್ತತ್ತಿಗೆ ಹೋಗಿ ಪರ ಮಾಡುತ್ತೇವೆ. ಹೊಳೆ ದಂಡೆಯಲ್ಲಿ ಒಲೆ ಹೂಡಿ, ಆಂಜನೇಯನ ಹೆಸರಲ್ಲಿ ಅಡುಗೆ ಮಾಡಿ, ಎಡೆ ಇಟ್ಟು, ನೆಂಟರಿಷ್ಟರಿಗೆಲ್ಲ ಉಣ್ಣಿಸುವುದು. ಅಡುಗೆಗೆ ಕೂರುವ ಹೆಂಗಸು ಬೆಳಗ್ಗಿನಿಂದ ಉಪವಾಸ ಇರಬೇಕು. ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಒಲೆ ಹಚ್ಚಬೇಕು. ಎಡೆ ಆಗುವವರೆಗೆ ಉಪ್ಪು, ಖಾರ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ. ಮತ್ತೆ ಅವಳು ಆ ದಿನ ಹೊರಗಾಗಿರಬಾರದು. ಪ್ರತಿ ವರ್ಷ ಇದೇ ತಲೆನೋವು. ಒಬ್ಬಳಿಗೆ ಆಗಿರುತ್ತದೆ, ಇನ್ನೊಬ್ಬಳಿಗೆ ನಾಳೆಯೋ ನಾಡಿದ್ದೋ ಎನ್ನುವ ಹಾಗಿರುತ್ತದೆ. ಅತ್ತೆಗೆ ಮುಟ್ಟು ನಿಂತಿತ್ತು, ಆದರೆ ಕೈ ಮುರಿದುಕೊಂಡ ಮೇಲೆ ದೊಡ್ಡ ತಪ್ಪಲೆ ಎತ್ತಲು ಆಗುತ್ತಿರಲಿಲ್ಲ.

ಆ ಒಲೆಗೆ ನಾನು ಸಿಕ್ಕಿದೆ.

"ನಮ್ ಸೋಬ ಅವ್ಳಲ್ಲ, ಯಾವಾಗ್ ಬೇಕಾದ್ರೂ ಸೈ" ಎಂದು ಅತ್ತೆ ಎಲ್ಲರ ಮುಂದೆ ಹೇಳಿದಾಗ ನನಗೆ ಆದ ಸಂತೋಷ ಇವತ್ತಿಗೂ ಮರೆತಿಲ್ಲ. ಮಗುವಿಗೆ ಹಾಲು ಕೊಡಲಾಗದವಳು, ಎರಡನೆಯದು ಯಾವಾಗ ಎಂದರೆ ತಲೆ ತಗ್ಗಿಸುವವಳು. ಅಂಥವಳಿಗೆ ಆ ಮನೆಯಲ್ಲಿ ಒಂದು ಪದವಿ ಸಿಕ್ಕಿತ್ತು. ಪರಕ್ಕೆ ಮಾತ್ರ ಅಲ್ಲ, ಮನೆದೇವರ ಪೂಜೆ, ಊರ ಹಬ್ಬದ ತಂಬಿಟ್ಟು, ಅಕ್ಕಪಕ್ಕದವರ ಗೃಹಪ್ರವೇಶದ ಹಾಲುಕ್ಕಿಸುವುದು, ಎಲ್ಲಕ್ಕೂ "ಶೋಭನ್ನ ಕರೀರಿ" ಎನ್ನುತ್ತಿದ್ದರು. ನನ್ನ ಓರಗಿತ್ತಿ ಗೀತ, ಮೈದುನನ ಹೆಂಡತಿ, ಬಾಯಿ ಬಿಟ್ಟೇ ಅಸೂಯೆ ಪಡುತ್ತಿದ್ದಳು: "ನಿಂಗೇನಕ್ಕ, ಪುಣ್ಯ ಮಾಡಿದ್ದೆ. ನಾವು ತಿಂಗ್ ತಿಂಗ್ಳೂ ಸಾಯ್ತೀವಿ."

ಪುಣ್ಯವಂತೆ. ಆ ಪುಣ್ಯವಂತೆಯ ಗತಿ ಕೇಳಿ.

ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕುತ್ತಿದ್ದೆ. ಅಂಗನವಾಡಿ ಮಕ್ಕಳು ನನಗೆ ಸ್ವೆಟರ್ ಮಿಸ್ ಎಂದು ಹೆಸರಿಟ್ಟಿದ್ದವು. ಹುಬ್ಬಿನ ಕೂದಲು ಉದುರಿತು, ಕಂಕುಳಿನದೂ ಹೋಯಿತು. ಮುಖ ಬಿಳುಚಿ ಹಿಟ್ಟು ಮೆತ್ತಿದ ಹಾಗಾಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಗೋಡೆಗೆ ಒರಗಿ ಕೂರಬೇಕು. ಗಂಡ ಹೆಂಡಿರ ಮಾತೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ: ಆಸೆಯೇ ಹೋಗಿಬಿಟ್ಟಿತ್ತು. ಅವರು ಹತ್ತಿರ ಬಂದರೆ ನೋವು. ಅವರು ಬರುವುದನ್ನೇ ಬಿಟ್ಟರು. ಒಂದು ದಿನವೂ ಬಾಯಿಬಿಟ್ಟು ಬೈಯಲಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ಹಗುರಾಗುತ್ತಿತ್ತು.

ಡಾಕ್ಟರಿಗೆ ತೋರಿಸಲಿಲ್ಲ ಎಂದಲ್ಲ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಥೈರಾಯ್ಡ್ ಇರಬಹುದು ಎಂದು ಟಿಎಸ್‌ಎಚ್ ಮಾಡಿಸಿದರು, ನಾರ್ಮಲ್ ಬಂತು. ಒಂದು ಕ್ಯಾಂಪಿನಲ್ಲಿ ಮುಟ್ಟು ಬೇಗ ನಿಂತಿರಬೇಕು, ಕೆಲವರಿಗೆ ಹಾಗಾಗುತ್ತೆ ಎಂದರು. ನಾನೂ ಹೌದು ಅಂದುಕೊಂಡೆ. ಮುಟ್ಟಿನ ವಿಷಯ ನಾನಾಗಿ ಹೆಚ್ಚು ಮಾತಾಡಲೂ ಇಲ್ಲ. ಅದು ನನ್ನ ದೂರಿನ ಪಟ್ಟಿಯಲ್ಲೇ ಇರಲಿಲ್ಲವಲ್ಲ, ಅದು ನನ್ನ ಪುಣ್ಯದ ಲೆಕ್ಕದಲ್ಲಿತ್ತು.

ಹೋದ ವರ್ಷದ ಶ್ರಾವಣ. ಪರಕ್ಕೆ ಎರಡು ದಿನ ಮುಂಚೆ ನನಗೆ ವಾಂತಿ, ಭೇದಿ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಆದರೂ ಹೋದೆ. ನಾನಿಲ್ಲದೆ ಪರ ನಡೆಯುತ್ತದೆ ಎಂದು ನಾನೇ ಒಪ್ಪಲು ತಯಾರಿರಲಿಲ್ಲ. ಹೊಳೆಯಲ್ಲಿ ಮುಳುಗಿದೆ, ಒದ್ದೆ ಸೀರೆಯಲ್ಲಿ ಒಲೆ ಮುಂದೆ ಕೂತೆ. ಅನ್ನದ ತಪ್ಪಲೆ ಬಸಿಯಲು ಬಗ್ಗಿದೆ. ನೆಲ ಮೇಲೆ ಬಂದ ಹಾಗಾಯಿತು.

ಆಮೇಲಿನದು ಗೀತ ಹೇಳಿದ್ದು. ನಾನು ಬಿದ್ದು, ಮೈ ನಡುಗಿಸುತ್ತಾ ಏನೇನೋ ತೊದಲುತ್ತಿದ್ದೆನಂತೆ. ದೇವರ ಒಲೆ ಮುಂದೆ ಉಪವಾಸ ಇದ್ದ ಹೆಂಗಸು ಹೀಗಾದರೆ ನಮ್ಮ ಜನ ಏನು ಅಂದುಕೊಳ್ಳುತ್ತಾರೆ? ಯಾರೋ ಅರಿಶಿನದ ನೀರು ಎರಚಿದರು, ಹಣೆಗೆ ಅಂಗೈಯಗಲ ಕುಂಕುಮ ಬಳಿದರು. ಕೈಮುಗಿದು, "ಯಾವಪ್ಪ ಬಂದಿರೋದು? ಏನ್ ತೆಪ್ಪಾಯ್ತು, ಯೋಳಪ್ಪ" ಎಂದು ಕೇಳತೊಡಗಿದರು. ನಮ್ಮ ಅತ್ತೆಯೂ ಕೈಮುಗಿದು ನಿಂತಿದ್ದರಂತೆ.

ಪುಟ್ಟರಾಜು ಜನರನ್ನು ತಳ್ಳಿಕೊಂಡು ಬಂದರು. "ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ಕಣ್ ಮ್ಯಾಲಾಗವೆ, ಕೈ ಕಾಲು ಕೊರಡಾಗವೆ. ಕಾರ್ ತೆಗೀರ್ಲಾ!"

ಆ ಒಂದು ಮಾತಿಗೆ ನಾನು ಏಳು ಜನ್ಮಕ್ಕೂ ಇದೇ ಗಂಡನನ್ನು ಕೇಳಿಕೊಳ್ಳಬಹುದು.

ಮಳವಳ್ಳಿ ಆಸ್ಪತ್ರೆಯಲ್ಲಿ ಬಿಪಿ ಸಿಗಲಿಲ್ಲವಂತೆ. ಶುಗರ್ ಪಾತಾಳಕ್ಕೆ ಇಳಿದಿತ್ತಂತೆ. ಗ್ಲೂಕೋಸ್ ಏರಿಸಿ, ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು. ಸೋಡಿಯಂ ತುಂಬ ಕಡಿಮೆ ಎಂದರು. ಸೋಡಿಯಂ ಎಂದರೆ ಉಪ್ಪಿನಲ್ಲಿರುವುದು ಎಂದು ಗೊತ್ತಾದ ಮೇಲೆ ಪುಟ್ಟರಾಜು, "ಪರುದ್ ಅಡ್ಗೆಗೆ ನೋಡ್ದಲೆ ಉಪ್ಪಾಕೋಳು, ಮೈಗೆ ಆಕೋದ್ ಮರ್ತವ್ಳೆ" ಅಂದರಂತೆ. ಅಳು ಬಂದಾಗ ಅವರು ಹೀಗೇ ಮಾತಾಡುವುದು.

ಮಾರನೆಯ ಬೆಳಗ್ಗೆ ರೌಂಡ್ಸಿಗೆ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದರು. ನನ್ನ ಹುಬ್ಬು ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ಅಂಗೈ ಹಿಡಿದು ನೋಡಿದರು. ಆಮೇಲೆ ವಾಂತಿ ಭೇದಿಯ ಮಾತೇ ಬಿಟ್ಟು, "ಮಕ್ಕಳೆಷ್ಟು? ಹೆರಿಗೇಲಿ ಏನಾದ್ರೂ ತೊಂದ್ರೆ ಆಗಿತ್ತಾ?" ಎಂದು ಕೇಳಿದರು.

"ರಕ್ತ ತುಂಬ ಹೋಗಿತ್ತು" ಅಂದೆ.

"ಮಗುಗೆ ಹಾಲು ಬಂತಾ?"

"ಇಲ್ಲ."

"ಆಮೇಲೆ ಪೀರಿಯಡ್ಸ್?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅತ್ತೆ ಮುಂದೆ ಬಂದರು. "ನಮ್ ಸೋಬಂಗೆ ಆ ರೇಜ್ಗೆ ಇಲ್ಲ ಕಣವ್ವ. ಮಗಿ ಉಟ್ದಾಗಿಂದ್ಲೂ ಇಲ್ಲ. ದೇವ್ರು ಕೆಲ್ಸುಕ್ಕೆ ಯಾವಾಗ್ಲೂ ಇವ್ಳೇಯ. ನಮ್ ವಂಸದಲ್ಲೆ ಇಂಗಿರೋಳು ಇವ್ಳೊಬ್ಳೇಯ."

ಹೆಮ್ಮೆಯಿಂದ ಹೇಳಿದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದರು. ಬೈಯಲಿಲ್ಲ. ನರ್ಸಿನ ಕಡೆ ತಿರುಗಿ ಏನೋ ಇಂಜೆಕ್ಷನ್ ಹೆಸರು ಹೇಳಿ, ಮೊದಲು ರಕ್ತ ತೆಗೆದುಕೊಂಡು ಈಗಲೇ ಕೊಡಿ ಅಂದರು.

ಅದು ಸ್ಟಿರಾಯ್ಡ್. ಸಂಜೆಯ ಹೊತ್ತಿಗೆ ನಾನು ಎದ್ದು ಕೂತೆ. ಮರುದಿನ ಹಸಿವಾಯಿತು. ಹಸಿವು! ಎಷ್ಟು ವರ್ಷದ ಮೇಲೆ! ಪುಟ್ಟರಾಜು ಕ್ಯಾಂಟೀನಿನಿಂದ ತಂದ ಇಡ್ಲಿ ತಿಂದು, ಅವರ ಪಾಲಿನದನ್ನೂ ತಿಂದು, ಇನ್ನೂ ಇದೆಯಾ ಎಂದೆ. ಅವರು ಪೊಟ್ಟಣ ಹಿಡಿದುಕೊಂಡು ಕಾರಿಡಾರಿಗೆ ಹೋದರು. ಬಂದಾಗ ಕಣ್ಣು ಕೆಂಪಾಗಿತ್ತು.

ರಿಪೋರ್ಟುಗಳು ಬಂದವು, ಎಂಆರ್‌ಐ ಆಯಿತು. ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತು ಹೇಳಿದರು. ಹೀಗೆ ಕೂತು ಹೇಳಿದ ಡಾಕ್ಟರನ್ನು ನಾನು ಅದೇ ಮೊದಲು ನೋಡಿದ್ದು.

ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಇದೆ, ಕಡಲೆಕಾಳಿನಷ್ಟು. ಬಸುರಿಯಲ್ಲಿ ಅದು ದಪ್ಪವಾಗುತ್ತದೆ, ಅದಕ್ಕೆ ರಕ್ತ ಹೆಚ್ಚು ಬೇಕು. ಹೆರಿಗೆಯಲ್ಲಿ ನನ್ನ ರಕ್ತ ಹರಿದು ಹೋದಾಗ ಅದಕ್ಕೆ ರಕ್ತ ಸಿಗದೆ ಸತ್ತುಹೋಗಿದೆ. ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ಹಾಲು ಬರಲು ಹೇಳುವುದು ಅದೇ ಗ್ರಂಥಿ, ಥೈರಾಯ್ಡಿಗೆ ಹೇಳುವುದು ಅದೇ, ಕಷ್ಟ ಬಂದಾಗ ಮೈಯನ್ನು ಎತ್ತಿ ನಿಲ್ಲಿಸುವ ಕಾರ್ಟಿಸಾಲ್ ಮಾಡು ಎಂದು ಹೇಳುವುದೂ ಅದೇ. ಥೈರಾಯ್ಡ್ ಸೋತಾಗ ಏರಬೇಕಾದ ಟಿಎಸ್‌ಎಚ್ ಕೂಡ ಅಲ್ಲಿಂದಲೇ ಬರಬೇಕು, ಅದಕ್ಕೇ ಆ ಒಂದನ್ನೇ ನೋಡಿದಾಗ ಮೋಸವಾಗಿದೆ.

"ಹಾಗಾದ್ರೆ ಮುಟ್ಟು ಬೇಗ ನಿಂತಿದ್ದಲ್ವಾ?" ಎಂದೆ.

"ಅಲ್ಲ. ಮುಟ್ಟು ನಿಲ್ಲೋ ವಯಸ್ಸಲ್ಲಿ ಅಂಡಾಶಯ ಸೋತಿರುತ್ತೆ. ಪಿಟ್ಯುಟರಿ ಸುಮ್ನಿರಲ್ಲ, ಕೆಲಸ ಮಾಡು ಮಾಡು ಅಂತ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಹಾರ್ಮೋನನ್ನ ಇನ್ನೂ ಜಾಸ್ತಿ ಕಳಿಸುತ್ತೆ. ಅವರ ರಿಪೋರ್ಟಲ್ಲಿ ಅವೆರಡೂ ಏರಿರುತ್ತೆ. ನಿಮ್ಮದ್ರಲ್ಲಿ ಈಸ್ಟ್ರೋಜನ್ನೂ ಕಡಿಮೆ, ಅವೂ ಕಡಿಮೆ. ನಿಮ್ಮ ಅಂಡಾಶಯ ಚೆನ್ನಾಗೇ ಇದೆ. ಅದಕ್ಕೆ ಹೇಳೋರೇ ಇಲ್ಲ."

ನನಗೆ ಅರ್ಧ ತಿಳಿಯಿತು. ಮಿಕ್ಕ ಅರ್ಧವನ್ನು ಪುಟ್ಟರಾಜು ಅತ್ತೆಗೆ ಬಿಡಿಸಿ ಹೇಳುವಾಗ ತಿಳಿದುಕೊಂಡೆ: "ಅವ್ವ, ಗದ್ದೆ ಸಂದಾಗೈತೆ. ಮ್ಯಾಲೆ ತೂಬು ಎತ್ತೋ ನೀರುಗಂಟಿ ಸತ್ತೋಗವ್ನೆ. ನಾವು ಗದ್ದೆ ಒಣಗ್ತು, ಗದ್ದೆ ಒಣಗ್ತು ಅಂತ ಕುಂತಿದ್ದೋ."

ಅತ್ತೆ ಹೊದಿಕೆ ಎಳೆದು ನನ್ನ ಕಾಲು ಮುಚ್ಚಿದರು.

ಮಾತ್ರೆಗಳು ಒಂದೊಂದಾಗಿ ಬಂದವು. ಮೊದಲು ಸ್ಟಿರಾಯ್ಡ್, ಅದು ಸರಿಹೋದ ಮೇಲೆ ಥೈರಾಯ್ಡ್. ತಿರುಗಾಮುರುಗಾ ಕೊಟ್ಟರೆ ಜೀವಕ್ಕೆ ಅಪಾಯವಂತೆ. ಜ್ವರ ಬಂದರೆ ಸ್ಟಿರಾಯ್ಡ್ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಕ್ಷಣ ಇಂಜೆಕ್ಷನ್. ಉಪವಾಸ ಮಾಡಬೇಡಿ ಎಂದು ಡಾಕ್ಟರಮ್ಮ ನನಗಿಂತ ಹೆಚ್ಚಾಗಿ ಅತ್ತೆಗೆ ಹೇಳಿದರು. ದೀಪಾವಳಿ ಹೊತ್ತಿಗೆ ಸ್ವೆಟರ್ ಪೆಟ್ಟಿಗೆ ಸೇರಿತು. ಮಕ್ಕಳು ನನಗೆ ಬೇರೆ ಹೆಸರು ಹುಡುಕಬೇಕಾಯಿತು. ಮಗಳ ಜೊತೆ ಕುಂಟೆಬಿಲ್ಲೆ ಆಡಿದೆ. ಅವಳು ಹುಟ್ಟಿ ಎಂಟು ವರ್ಷವಾಗಿತ್ತು, ಅಮ್ಮ ಓಡುವುದನ್ನು ಅವಳು ನೋಡಿದ್ದು ಅದೇ ಮೊದಲು. "ಅಮ್ಮ, ನಿಂಗೆ ಆಡಕ್ ಬತ್ತದಾ!" ಅಂದಳು. ನಾನು ಅತ್ತುಬಿಟ್ಟೆ.

ಇಲ್ಲಿಗೇ ಕಥೆ ಮುಗಿದಿದ್ದರೆ ಎಲ್ಲರಿಗೂ ಅನುಕೂಲವಿತ್ತು.

ಆದರೆ ಡಾಕ್ಟರಮ್ಮ ಮೂಳೆಯ ಸ್ಕ್ಯಾನ್ ಮಾಡಿಸಿದರು. ಇಷ್ಟು ವರ್ಷ ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆದಿದೆ, ಮುದುಕಿಯರ ಮೂಳೆಯ ಹಾಗಾಗಿದೆ, ಹೀಗೇ ಬಿಟ್ಟರೆ ಎಡವಿ ಬಿದ್ದರೂ ಸೊಂಟ ಮುರಿಯುತ್ತದೆ ಎಂದರು. ಮೂರನೆಯ ಮಾತ್ರೆ ಬರೆದರು. ಅದನ್ನು ತೆಗೆದುಕೊಂಡರೆ ತಿಂಗಳು ತಿಂಗಳು ಮುಟ್ಟು ಬರುತ್ತದೆ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ನೇರ ಹೋಗಿ ನಿಂತದ್ದು ಮುತ್ತತ್ತಿಯ ಒಲೆ ಮುಂದೆ. ಆ ಮನೆಯಲ್ಲಿ ನನಗಿದ್ದ ಒಂದೇ ಪದವಿ ಅದು. ಅದನ್ನೂ ಮಾತ್ರೆ ನುಂಗಿ ಕಳೆದುಕೊಳ್ಳಲಾ? ಜೀವ ಉಳಿದಿದೆಯಲ್ಲ, ಇನ್ನು ಇದೊಂದು ಯಾಕೆ? ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಅಂದೆ. ಪುಟ್ಟರಾಜು ಕಿಟಕಿಯಾಚೆ ನೋಡುತ್ತಾ, "ನಿನ್ ಮೂಳೆ, ನೀನೇ ಯೋಳು. ನಂಗಂತೂ ಒಲೆಗಿಂತ ಸೊಂಟ ದೊಡ್ದು" ಅಂದರು.

ಅತ್ತೆಗೆ ಹೇಳಿದೆವು. ಮುರಿದು ಸೊಟ್ಟಗೆ ಕೂಡಿದ್ದ ತಮ್ಮ ಮಣಿಕಟ್ಟನ್ನು ಸವರಿಕೊಳ್ಳುತ್ತಾ ಕೇಳಿಸಿಕೊಂಡರು. "ನಂದು ಮುರಿದಿದ್ದು ವಯ್ಸಾಗಿ. ಇವ್ಳ್ದು ಈಗ್ಲೇ ಅಂಗಾಗೈತಾ?" ಎಂದು ಮಾತ್ರ ಕೇಳಿ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ಮಾತ್ರೆ ಶುರು ಮಾಡಿದೆ. ಮೊದಲ ಸಲ ಬಂದಾಗ ಬಚ್ಚಲಲ್ಲಿ ಒಬ್ಬಳೇ ನಿಂತು ನಕ್ಕೆ, ಯಾಕೆ ನಕ್ಕೆನೋ. ಎಂಟು ವರ್ಷದ ಮೇಲೆ ಮನೆಯಲ್ಲಿ ಪ್ಯಾಡ್ ಹುಡುಕುವ ಪರದಾಟ. ಗೀತ ತನ್ನದನ್ನು ಕೊಟ್ಟು, "ಬಾಕ್ಕ ಬಾ, ನಮ್ ಗುಂಪಿಗೆ" ಎಂದು ತೋಳು ಚಿವುಟಿದಳು.

ನಿಧಾನಕ್ಕೆ ಬೇರೆಯದೂ ಬಂತು. ಒಂದು ಸಂಜೆ ಪುಟ್ಟರಾಜು ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅವರ ಬೆನ್ನು ನೋಡಿ ನನಗೆ ಏನೋ ಆಯಿತು. ಮುಖ ಬಿಸಿಯಾಯಿತು. ಅದಕ್ಕಿಂತ ಹೆಚ್ಚು ಬರೆಯಲು ನಾಚಿಕೆ. ಆ ನಾಚಿಕೆಯೂ ವಾಪಸು ಬಂದಿತ್ತು. ಇನ್ನೊಂದು ಮಗು ಬೇಕೆಂದರೆ ಬೇರೆ ಇಂಜೆಕ್ಷನ್‌ಗಳಿವೆ ಎಂದು ಡಾಕ್ಟರಮ್ಮ ಹೇಳಿದ್ದರು. ಇಬ್ಬರೂ ಕೂತು ಮಾತಾಡಿ, ಇರುವ ಒಬ್ಬಳ ಜೊತೆ ಓಡಾಡಿಕೊಂಡಿದ್ದರೆ ಸಾಕು ಎಂದುಕೊಂಡೆವು.

ಈ ವರ್ಷ ಶ್ರಾವಣ ಬಂತು. ಪರದ ಶನಿವಾರ ಗೊತ್ತಾಯಿತು. ಬೆರಳು ಎಣಿಸಿದೆ. ಸರಿಯಾಗಿ ಅದೇ ದಿನಕ್ಕೆ ಬೀಳುತ್ತಿತ್ತು.

"ಅದಕ್ಯಾಕ್ ತಲೆ ಕೆಡಿಸ್ಕತೀಯಕ್ಕ?" ಎಂದಳು ಗೀತ. "ಮಾತ್ರೇನ ಒಸಿ ದಿನ ಜಾಸ್ತಿ ನುಂಗು, ಮುಂದಕ್ಕೋಯ್ತದೆ. ಅಬ್ಬ ಬಂದ್ರೆ ನಾವೆಲ್ಲ ಅಂಗೇ ಮಾಡಲ್ವಾ?" ನನಗೂ ಅದೇ ಆಸೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಒಂದು ಸಲಕ್ಕೆ ಹಾಗೆ ಮಾಡಿದರೆ ತೊಂದರೆಯಿಲ್ಲ, ಆದರೆ ಉಪವಾಸ ಮಾತ್ರ ಬೇಡವೇ ಬೇಡ ಅಂದರು. ಸರಿ, ಉಂಡೇ ಅಡುಗೆ ಮಾಡಿದರಾಯಿತು, ಆಂಜನೇಯ ಏನು ಬಂದು ಹೊಟ್ಟೆ ಬಗೆದು ನೋಡುತ್ತಾನಾ ಎಂದುಕೊಂಡು ಅತ್ತೆಯ ಹತ್ತಿರ ಹೋದೆ. ಅವರು ಜಗಲಿಯಲ್ಲಿ ಅಲಸಂದೆ ಕಾಳು ಬಿಡಿಸುತ್ತಿದ್ದರು. ಎಲ್ಲ ಹೇಳಿ, "ಮುಂದಕ್ಕೆ ಹಾಕ್ಕೋತೀನಿ ಅತ್ತೆ, ಒಲೆಗೆ ನಾನೇ ಕೂರ್ತೀನಿ" ಅಂದೆ.

ಅವರು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಬ್ಯಾಡ ಬುಡು" ಅಂದರು.

"ಯಾಕತ್ತೆ?"

"ಇಷ್ಟ್ ವರ್ಸ ಅದು ಬರ್ದೆ ಇದ್ದಾಗ, ಯಾಕ್ ಬರ್ನಿಲ್ಲ ಅಂತ ನಾನ್ ಕೇಳ್ನಿಲ್ಲ. ನಮ್ಗೆ ಅನ್ಕೂಲ ಆಯ್ತು ಅಂತ ಸುಮ್ಕಿದ್ದೊ. ಈಗ ಬತ್ತಾ ಐತೆ. ಬರೋದ್ನ ಯಾಕೆ ತಡ್ದಿಯೆ?" ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದರು. "ಗೀತ ಕೂರ್ತಾಳೆ ಒಲೆಗೆ. ನೀನು ಬಾ, ಬಂದು ಉಣ್ಣು."

ಪರದ ದಿನ ನಾನು ಒಲೆಯಿಂದ ದೂರ, ಹೊಳೆ ದಂಡೆಯ ಮತ್ತಿ ಮರದ ಕೆಳಗೆ ಕೂತಿದ್ದೆ. ಹೀಗೆ ದೂರ ಕೂರಿಸುವುದು ಸರಿಯೋ ತಪ್ಪೋ ಎಂದು ನನ್ನ ಕೇಳಿದರೆ ತಪ್ಪು ಎಂದೇ ಹೇಳುತ್ತೇನೆ, ಮಗಳ ಕಾಲಕ್ಕೆ ಇದು ಇರಬಾರದು. ಆದರೆ ಆ ದಿನ ನನಗೆ ಸಿಟ್ಟು ಬರಲಿಲ್ಲ. ದೂರದಲ್ಲಿ ಗೀತ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಸೌಟು ಆಡಿಸುತ್ತಿದ್ದಳು. ಹೋದ ವರ್ಷ ನಾನು ಬಿದ್ದದ್ದು ಅಲ್ಲೇ. ಮಗಳು ನೀರಿಗೆ ಕಲ್ಲೆಸೆಯುತ್ತಿದ್ದಳು. ನಾನು ಬದುಕಿದ್ದೆ, ಬೆಚ್ಚಗಿದ್ದೆ, ಹೊಟ್ಟೆ ಸಣ್ಣಗೆ ನೋಯುತ್ತಿತ್ತು.

ಎಡೆ ಆಯಿತು. ಗಂಡಸರ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಅಷ್ಟರಲ್ಲಿ ಅತ್ತೆ ಒಂದು ಬಾಳೆಲೆ, ಒಂದು ಚಿಕ್ಕ ತಪ್ಪಲೆ ಹಿಡಿದು ನನ್ನ ಕಡೆ ಬರುವುದು ಕಂಡಿತು. ಯಾರೋ ಹಿಂದಿನಿಂದ, "ಯಜಮಾನ್ರು ಇನ್ನೂ ಕುಂತಿಲ್ಲ ಕಣಕ್ಕ" ಅಂದರು.

"ಅವ್ಳು ಅಸ್ಕೊಂಡಿರಂಗಿಲ್ಲ, ಡಾಕ್ಟ್ರು ಯೋಳವ್ರೆ. ಅವ್ರು ಕಾಯ್ಲಿ" ಎಂದು ತಿರುಗಿಯೂ ನೋಡದೆ ಬಂದು, ನನ್ನ ಮುಂದೆ ಎಲೆ ಹಾಸಿ, ಸೊಟ್ಟ ಕೈಯಲ್ಲೇ ಅನ್ನ ಬಡಿಸಿ, ಕಾಳುಸಾರು ಬಿಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತರು. "ಮಾತ್ರೆ ತಂದಿದ್ದೀಯಾ?"

"ತಂದಿದ್ದೀನಿ."

"ಉಂಡ್ಬುಟ್ಟು ನುಂಗು. ಎಂಗೈತೆ?"

ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಚೆನ್ನಾಗಿದೆ ಅಂದೆ. ಇಷ್ಟು ವರ್ಷ ಎಲ್ಲರಿಗೂ ಬಡಿಸಿ, ಕೊನೆಯ ಪಂಕ್ತಿ ಎದ್ದ ಮೇಲೆ ತಪ್ಪಲೆಯ ತಳದಲ್ಲಿ ಉಳಿದದ್ದನ್ನು ತಿನ್ನುತ್ತಿದ್ದವಳು ನಾನು. ಪರದ ಅನ್ನ ಇಷ್ಟು ಬಿಸಿಯಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.